ಸೊಪ್ಪು ಮತ್ತು ಚಕ್ಕಾ ಬೆರೆಸಿದ ಮನೆಯ ರೊಟ್ಟಿ

ಶಹಾಪುರ ತಾಲೂಕಿನ ವನದುರ್ಗವು ಸುರಪುರದ ನಾಯಕರ ಕಾಲದ ಕೋಟೆಯಿಂದ ಹೆಸರಾದ ಊರು. ಕೋಟೆಯ ವಿಷಯವಾಗಿ ಬರೆಯಬಲ್ಲ ವಿದ್ವಾಂಸರು ಬೇರೆ ಇದ್ದಾರೆ. ಈ ಲೇಖನದ ವಿಷಯವು ಆ ಊರಿನ ಮತ್ತು ಅದರ ಸುತ್ತಣ ಸಗರನಾಡಿನ ಅಡಿಗೆಮನೆಗೆ ಸಂಬಂಧಪಟ್ಟದ್ದು. ಕಲಬುರಗಿಗೋ ಬೆಂಗಳೂರಿಗೋ ಓದಲು ಹೋದ ಮಕ್ಕಳು ರಜೆಗೆ ಊರಿಗೆ ಬಂದಾಗ, ಸೊಪ್ಪಿನ ಪರಿಮಳವೂ ಚೀಸಿನ ರುಚಿಯೂ ಕೂಡಿದ ಖಾರದ ಬ್ರೆಡ್ಡನ್ನು ಮನೆಯಲ್ಲಿಯೇ ಮಾಡಿಕೊಡಬೇಕೆಂದು ಹಟ ಹಿಡಿಯುವದು ಈಗ ಅಪರೂಪವಲ್ಲ. ಹಿರಿಯರು ಇದನ್ನು ಪರದೇಶದ ತಿಂಡಿಯೆಂದು ಮೂಗು ಮುರಿಯುತ್ತಾರೆ. ಕಿರಿಯರು ಮನೆಯ ರೊಟ್ಟಿಯನ್ನು ಹಳೆಯದೆಂದು ಬದಿಗೆ ಸರಿಸುತ್ತಾರೆ. ಇಬ್ಬರ ನಡುವೆ ಸಿಕ್ಕ ಗೃಹಿಣಿಯು ಏನು ಮಾಡಬೇಕು? ಈ ಪ್ರಶ್ನೆಗೆ ಸ್ವಲ್ಪ ಶಾಸ್ತ್ರದಿಂದಲೂ ಸ್ವಲ್ಪ ಅನುಭವದಿಂದಲೂ ಉತ್ತರ ಹೇಳಬಹುದೆಂದು ನನಗೆ ತೋರುತ್ತದೆ.

ಮೊದಲಿಗೆ ಹಿರಿಯರ ಆಕ್ಷೇಪವನ್ನು ಪರಿಶೀಲಿಸೋಣ. ಹಿಟ್ಟನ್ನು ನಾದಿ ಬೆಂಕಿಯ ಕಾವಿನಲ್ಲಿ ಬೇಯಿಸುವ ವಿದ್ಯೆಯು ನಮಗೆ ಹೊಸದಲ್ಲ. ವೇದಕಾಲದವರು ಅದನ್ನು ಅಪೂಪವೆಂದು ಕರೆದರು. ಭಕ್ಷ್ಯಗಳನ್ನು ಮಾಡುವವನಿಗೆ ಅಮರಕೋಶವು ಆಪೂಪಿಕ, ಕಾಂದವಿಕ ಎಂಬ ಹೆಸರುಗಳನ್ನು ಹೇಳಿದೆ. ಕಂದು ಎಂದರೆ ಹಿಟ್ಟಿನ ಪದಾರ್ಥವನ್ನು ಬೇಯಿಸುವ ಪಾತ್ರೆ ಅಥವಾ ಒಲೆ. ಕಂದುವಿನಿಂದ ಜೀವಿಸುವವನೇ ಕಾಂದವಿಕ. ಇಂದಿನ ಬೇಕರಿಯವನಿಗೆ ಇದಕ್ಕಿಂತ ಒಪ್ಪುವ ಹೆಸರು ಮತ್ತೊಂದಿಲ್ಲ. ಅಂತೆಯೇ ಹಾಲನ್ನು ಒಡೆಸಿ ಗಟ್ಟಿಯಾದ ಭಾಗವನ್ನು ಬೇರ್ಪಡಿಸುವ ಕ್ರಮವೂ ಪ್ರಾಚೀನವಾದದ್ದು. ಕಾಸಿದ ಬಿಸಿ ಹಾಲಿಗೆ ಹುಳಿಮೊಸರನ್ನು ಬೆರೆಸಿದಾಗ ಒಡೆದು ನಿಲ್ಲುವ ಗಟ್ಟಿಯು ಆಮಿಕ್ಷಾ. ಬಸಿದು ಬರುವ ನೀರು ವಾಜಿನ. ಯಜ್ಞಕರ್ಮಗಳಲ್ಲಿ ಎರಡಕ್ಕೂ ಪ್ರತ್ಯೇಕವಾದ ವಿನಿಯೋಗವಿದ್ದಿತು. ಇಂದು ನಾವು ಪನೀರು ಎಂದು ಕೊಂಡು ತರುವ ಪದಾರ್ಥಕ್ಕೂ ಈ ಆಮಿಕ್ಷಕ್ಕೂ ಮಾಡುವ ರೀತಿಯಲ್ಲಿ ಹೆಚ್ಚಿನ ಭೇದವಿಲ್ಲ.

ಇನ್ನು ನಮ್ಮ ನಾಡಿನ ಗ್ರಂಥಗಳಿಗೇ ಬರೋಣ. ಇಂದು ಬೀದರ ಜಿಲ್ಲೆಯ ಬಸವಕಲ್ಯಾಣವೆನಿಸಿಕೊಳ್ಳುವ ಕಲ್ಯಾಣದಲ್ಲಿ ೧೧೨೬ರಿಂದ ೧೧೩೮ರ ವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಮಾನಸೋಲ್ಲಾಸವೆಂಬ ಮಹಾಗ್ರಂಥವನ್ನು ರಚಿಸಿದನು. ರಾಜ್ಯಾಡಳಿತ, ಸಂಗೀತ, ಬೇಟೆ ಮುಂತಾದ ವಿಷಯಗಳೊಂದಿಗೆ ಅನ್ನಪಾನಗಳ ವಿಷಯವನ್ನೂ ಅವನು ವಿಸ್ತಾರವಾಗಿ ಬರೆದಿದ್ದಾನೆ. ಹುಳಿಯಿಂದ ಹಾಲನ್ನು ಒಡೆಸಿ, ಬಟ್ಟೆಯಲ್ಲಿ ಸೋಸಿ, ಅಕ್ಕಿಯ ಹಿಟ್ಟಿನೊಡನೆ ಮಿದ್ದು ತುಪ್ಪದಲ್ಲಿ ಕರಿಯುವ ಒಂದು ಸಿಹಿಯು ಅದರಲ್ಲಿ ವರ್ಣಿತವಾಗಿದೆ. ಹೀಗೆ ಒಡೆದ ಹಾಲನ್ನೂ ಹಿಟ್ಟನ್ನೂ ಕೂಡಿಸುವದು ಒಂಬೈನೂರು ವರ್ಷಗಳ ಹಿಂದೆಯೇ ಈ ಸೀಮೆಯ ಅರಮನೆಯ ಅಡಿಗೆಯವರಿಗೆ ತಿಳಿದಿದ್ದಿತು.

ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನೆಂಬ ಜೈನ ಕವಿಯು ಕನ್ನಡದಲ್ಲಿ ಸೂಪಶಾಸ್ತ್ರವನ್ನು ಪದ್ಯರೂಪದಲ್ಲಿ ಬರೆದನು. ಅದರಲ್ಲಿ ಬರುವ ರೊಟ್ಟಿಗಳಲ್ಲಿ ಮುಚ್ಚಳರೊಟ್ಟಿ ಎಂಬುದೊಂದು. ತಟ್ಟಿದ ಹಿಟ್ಟನ್ನು ಎರಡು ತಟ್ಟೆಗಳ ನಡುವೆ ಇಟ್ಟು, ಕೆಳಗೂ ಮೇಲೂ ಕೆಂಡವನ್ನು ಹರಡಿ ಬೇಯಿಸುವ ರೀತಿಯದು. ಹಂಚಿನ ಮೇಲೆ ಬೇಯುವ ರೊಟ್ಟಿಗೆ ಒಂದು ಮಗ್ಗುಲಿನಿಂದ ಮಾತ್ರ ಕಾವು ತಗಲುವದು. ಮುಚ್ಚಳರೊಟ್ಟಿಗಾದರೋ ಸುತ್ತಲಿನಿಂದಲೂ ಕಾವು ತಗಲುವದು. ವಿದ್ಯುತ್ತಿನ ಓವನ್ ಎಂಬ ಪೆಟ್ಟಿಗೆಯ ತತ್ತ್ವವೂ ಇಷ್ಟೇ. ಆದಕಾರಣ ಸೊಪ್ಪು, ಒಡೆದ ಹಾಲು, ಮುಚ್ಚಿದ ಕಾವು ಇವು ಮೂರರಲ್ಲಿ ಯಾವುದೂ ನಮಗೆ ಪರಕೀಯವಲ್ಲವೆಂದು ಹಿರಿಯರು ತಿಳಿದುಕೊಳ್ಳಬಹುದು. ಪರಕೀಯವಾದದ್ದು ಹೆಸರು ಮಾತ್ರ.

ಸಗರನಾಡಿನ ರೊಟ್ಟಿ

ಭೀಮಾ ಕೃಷ್ಣಾ ನದಿಗಳ ನಡುವಣ ಈ ಕರಿನೆಲದಲ್ಲಿ ಹಿಂಗಾರಿ ಜೋಳವೇ ಹಿಂದಿನಿಂದ ಜನರ ಮುಖ್ಯಾಹಾರ. ಬಿಸಿರೊಟ್ಟಿ, ಒಣಗಿಸಿಟ್ಟ ಖಡಕ್ ರೊಟ್ಟಿ, ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಇವುಗಳೊಡನೆ ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು. ಈ ಊಟದ ವರ್ಣನೆಯು ಇಲ್ಲಿಯ ವಾಚಕರಿಗೆ ಬೇಕಾಗಿಲ್ಲ. ಆದರೆ ಅದರ ಜೊತೆಗೆ ಬೇರೊಂದು ಪರಂಪರೆಯೂ ಇಲ್ಲಿ ನೆಲೆಸಿದೆ. ೧೮೫೮ರಲ್ಲಿ ಸುರಪುರದ ರಾಜಾ ವೆಂಕಟಪ್ಪನಾಯಕನು ಇಂಗ್ಲಿಷರನ್ನು ಎದುರಿಸಿ ಗತಿಸಿದ ಬಳಿಕ, ೧೮೬೦ರಲ್ಲಿ ಆ ಸಂಸ್ಥಾನವು ನಿಜಾಮರ ಕೈಸೇರಿತು. ೧೯೪೮ರ ಸೆಪ್ಟೆಂಬರ್ ೧೭ರ ವರೆಗೆ ಈ ಸೀಮೆಯು ಹೈದರಾಬಾದಿನ ಆಳಿಕೆಯಲ್ಲಿದ್ದಿತು. ಆದ್ದರಿಂದ ಮಣ್ಣಿನ ತಂದೂರಿನ ಗೋಡೆಗೆ ಅಂಟಿಸಿ ಬೇಯಿಸುವ ನಾನ್, ಕುಲ್ಚಾಗಳು ನಮ್ಮ ಪೇಟೆಗಳಿಗೆ ಅಪರಿಚಿತವಾಗಿರಲಿಲ್ಲ. ಆಸಫ್‌ಜಾಹಿ ಮನೆತನದ ಧ್ವಜದಲ್ಲಿದ್ದ ದುಂಡನೆಯ ಗುರುತು ಕುಲ್ಚಾ ರೊಟ್ಟಿಯದೇ ಎಂದೂ, ಸಂತನೊಬ್ಬನು ಮೂಲಪುರುಷನಿಗೆ ಏಳು ಕುಲ್ಚಾಗಳನ್ನು ಕೊಟ್ಟು ಹರಸಿದನೆಂದೂ ಐತಿಹ್ಯವಿದೆ. ಒಂದೇ ಪೇಟೆಯಲ್ಲಿ ಜೋಳದ ಒಣರೊಟ್ಟಿಯೂ ಗೋಧಿಯ ಉಬ್ಬಿದ ನಾನ್ ಕೂಡ ಮಾರಾಟವಾದ ನಾಡು ನಮ್ಮದು. ಇಲ್ಲಿಯವರು ಹೊಸ ರೊಟ್ಟಿಗೆ ಹೆದರಬೇಕಾದ ಕಾರಣವಿಲ್ಲ.

ಇವೆರಡರ ನಡುವೆ ಗೃಹಿಣಿಯರ ಸ್ವಂತ ನಿರ್ಮಾಣವಾಗಿ ದಪಾಟಿಯೆಂಬುದೊಂದಿದೆ. ಜೋಳದ ಹಿಟ್ಟಿಗೆ ಗೋಧಿ, ಕಡಲೆಯ ಹಿಟ್ಟುಗಳನ್ನು ಕೂಡಿಸಿ, ಮೆಂತ್ಯೆಯ ಸೊಪ್ಪು, ಎಳ್ಳು, ಅಜವಾನ, ಮೊಸರು ಬೆರೆಸಿ ತಟ್ಟಿ ಬೇಯಿಸುವ ಈ ರೊಟ್ಟಿಯು ಪ್ರಯಾಣದ ಬುತ್ತಿಗೆ ಬಹಳ ಅನುಕೂಲ. ಮಕ್ಕಳು ಬೇಡುವ ಸೊಪ್ಪು-ಚೀಸಿನ ಬ್ರೆಡ್ಡಿಗೆ ನಮ್ಮ ಮನೆಯಲ್ಲಿ ಅತ್ಯಂತ ಸಮೀಪವಾದ ಬಂಧುವೆಂದರೆ ಇದೇ.

ಹಿಟ್ಟಿನ ಗುಣ

ಮಾಡುವ ಕ್ರಮವನ್ನು ಹೇಳುವ ಮುಂಚೆ ಹಿಟ್ಟಿನ ಸ್ವಭಾವವನ್ನು ಅರಿತುಕೊಳ್ಳುವದು ಒಳ್ಳೆಯದು. ಗೋಧಿಯ ಹಿಟ್ಟಿಗೆ ನೀರು ಹಾಕಿ ನಾದಿದರೆ ಅದರಲ್ಲಿಯ ಸಸಾರಜನಕಗಳು ಒಂದನ್ನೊಂದು ಹಿಡಿದುಕೊಂಡು ಜಿಗಿಯಾದ ಜಾಲವಾಗುತ್ತವೆ. ಇದಕ್ಕೆ ಗ್ಲುಟೆನ್ ಎನ್ನುತ್ತಾರೆ. ಒಳಗೆ ಹುಟ್ಟಿದ ವಾಯುವು ಈ ಜಾಲದಲ್ಲಿ ಸಿಕ್ಕಿಬೀಳುವದರಿಂದ ಬ್ರೆಡ್ಡು ಉಬ್ಬುವದು. ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ. ತಣ್ಣೀರಿನಲ್ಲಿ ನಾದಿದರೆ ಅದು ಒಡೆದು ಉದುರುವದು. ಆದರೆ ಕುದಿಯುವ ಎಸರನ್ನು ಹಾಕಿದರೆ, ಸುಮಾರು ೭೦ ಡಿಗ್ರಿಯ ಕಾವಿಗೆ ಅದರ ಪಿಷ್ಟವು ನೀರನ್ನು ಹೀರಿ ಉಬ್ಬಿ ಅಂಟಾಗುವದು. ಆ ಅಂಟೇ ರೊಟ್ಟಿಯನ್ನು ಹಿಡಿದು ನಿಲ್ಲಿಸುವದು. ನಮ್ಮ ಊರ ಅಜ್ಜಿಯರು ಪಿಷ್ಟವೆಂಬ ಶಬ್ದವನ್ನು ಕೇಳಿದವರಲ್ಲ. ಆದರೆ ಮೊಮ್ಮಗಳಿಗೆ ರೊಟ್ಟಿ ಕಲಿಸುವಾಗ, “ಯವ್ವಾ, ಎಸರು ಕುದಿಲಿ, ಅವಸರ ಮಾಡಬ್ಯಾಡ, ಹಿಟ್ಟು ನಾದಿದಷ್ಟೂ ರೊಟ್ಟಿ ಕೈಯಾಗ ತಿರುಗತೈತಿ” ಎಂದು ಅವರು ಹೇಳುವ ಮಾತಿನಲ್ಲಿ ಈ ಶಾಸ್ತ್ರವೆಲ್ಲವೂ ಅಡಗಿದೆ.

ಬೀಸಿದ ಹಿಟ್ಟು ಹಳೆಯದಾದಷ್ಟೂ ಜಿಗಿಯನ್ನು ಕಳೆದುಕೊಳ್ಳುವದು; ಕಾಳಿನ ಮೊಳಕೆಯಲ್ಲಿಯ ಎಣ್ಣೆಯಿಂದ ಕಮಟು ವಾಸನೆಯೂ ಹುಟ್ಟುವದು. ಆದಕಾರಣ ಜೋಳವನ್ನು ಎಂಟು-ಹತ್ತು ದಿನಕ್ಕೆ ಸಾಕಾಗುವಷ್ಟು ಮಾತ್ರ ಬೀಸಿಸಬೇಕು.

ಗೋಧಿಯು ಒಗ್ಗದ ಕೆಲವರಿಗೆ ಜೋಳವು ವರವೇ ಸರಿ. ಡಚ್ ದೇಶದ ಮಕ್ಕಳ ವೈದ್ಯರಾದ ವಿಲ್ಲೆಮ್ ಡಿಕ್ ಎಂಬವರು, ಬಹುಕಾಲ ಹೊಟ್ಟೆಬೇನೆಯಿಂದ ಸೊರಗುತ್ತಿದ್ದ ಕೆಲವು ಮಕ್ಕಳ ರೋಗಕ್ಕೆ ಗೋಧಿಯೇ ಕಾರಣವೆಂದು ೧೯೫೦ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ೧೯೪೪-೪೫ರ ಚಳಿಗಾಲದಲ್ಲಿ ಆ ದೇಶಕ್ಕೆ ಘೋರವಾದ ಕ್ಷಾಮ ಬಂದು ಬ್ರೆಡ್ಡು ದೊರೆಯದಾದ ಸಂದರ್ಭವೂ ಅವರ ವಿಚಾರಕ್ಕೆ ಬಲ ಕೊಟ್ಟಿತು. ಸೀಲಿಯಾಕ್ ಎಂಬ ಆ ರೋಗವುಳ್ಳವರಿಗೆ ಗೋಧಿ ಬೆರೆಸದ ಜೋಳದ ರೊಟ್ಟಿಯು ನಿರಾತಂಕವಾದ ಆಹಾರ. ಆದರೆ ಅದನ್ನು ಗೋಧಿ ಬೀಸಿದ ಗಿರಣಿಯಲ್ಲಿಯೇ ಬೀಸಿಸಬಾರದು.

ಚಕ್ಕಾ ಮಾಡುವದು

ಪೇಟೆಯ ಚೀಸಿಗೆ ಬದಲಾಗಿ ನಮ್ಮ ಮನೆಯಲ್ಲಿ ಚಕ್ಕಾ ಸಾಕು. ಶ್ರೀಖಂಡಕ್ಕಾಗಿ ಮೊಸರನ್ನು ಕಟ್ಟಿಹಾಕುವದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಸಕ್ಕರೆಯ ಬದಲು ಉಪ್ಪು ಹಾಕಿದರೆ ಹೊರನಾಡುಗಳಲ್ಲಿ ಮೃದುವಾದ ಚೀಸೆಂದು ತಿನ್ನುವ ಪದಾರ್ಥಕ್ಕೆ ಸಮನಾಗುವದು. ಎಮ್ಮೆಯ ಗಟ್ಟಿಹಾಲು ಒಂದು ಲೀಟರನ್ನು ಕಾಸಿ ಆರಿಸಿ ಹೆಪ್ಪು ಹಾಕಬೇಕು. ಮೊಸರು ಹುಳಿಯಾಗುವ ಮುಂಚೆ ತೆಳುವಾದ ಶುಭ್ರ ಬಟ್ಟೆಯಲ್ಲಿ ಗಂಟು ಕಟ್ಟಿ, ತಂಪಾದ ಸ್ಥಳದಲ್ಲಿ ಎಂಟು ತಾಸು ತೂಗುಹಾಕಬೇಕು. ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿ ಜಾಲರಿಯ ಮೇಲಿಡುವದೇ ಕ್ಷೇಮ. ಸುಮಾರು ೩೦೦ರಿಂದ ೪೦೦ ಗ್ರಾಂ ಚಕ್ಕಾ ಸಿಗುವದು. ಅದಕ್ಕೆ ಅರ್ಧ ಚಮಚ ಉಪ್ಪು, ಜಜ್ಜಿದ ಬೆಳ್ಳುಳ್ಳಿಯ ನಾಲ್ಕು ಎಸಳು, ಕುಟ್ಟಿದ ಮೆಣಸು ಬೆರೆಸಿಡಬೇಕು. ಬಸಿದ ನೀರನ್ನು ಚೆಲ್ಲಬಾರದು; ಹಿಟ್ಟು ನಾದಲು ಅದು ನೀರಿಗಿಂತ ಉತ್ತಮ. ಹಾಲು ಹುಳಿಯಾಗುವದು ಸೂಕ್ಷ್ಮಜೀವಿಗಳ ಕ್ರಿಯೆಯೆಂದು ಫ್ರಾನ್ಸಿನ ಲೂಯಿ ಪಾಸ್ಚರ್ ೧೮೫೭ರಲ್ಲಿ ಪ್ರಕಟಿಸಿದನು. ಹೆಪ್ಪಿನ ಪಾತ್ರೆ, ಬಟ್ಟೆ, ಕೈ ಇವು ಶುದ್ಧವಾಗಿರಬೇಕೆಂಬ ಮಡಿಯ ನಿಯಮಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ.

ದಪಾಟಿಯ ಕ್ರಮ

ಎಂಟು ರೊಟ್ಟಿಗೆ ಬೇಕಾಗುವ ಸಾಮಗ್ರಿ ಹೀಗೆ: ಜೋಳದ ಹಿಟ್ಟು ೩೦೦ ಗ್ರಾಂ, ಗೋಧಿಯ ಹಿಟ್ಟು ೧೦೦ ಗ್ರಾಂ, ಕಡಲೆಯ ಹಿಟ್ಟು ೫೦ ಗ್ರಾಂ, ಮೆಂತ್ಯೆಯ ಸೊಪ್ಪು ೧೦೦ ಗ್ರಾಂ, ಸಬ್ಬಸಿಗೆಯ ಸೊಪ್ಪು ೫೦ ಗ್ರಾಂ, ಒಂದು ಹಿಡಿ ಕೊತ್ತಂಬರಿ, ಚಕ್ಕಾ ೧೫೦ ಗ್ರಾಂ, ಬಿಳಿ ಎಳ್ಳು ಎರಡು ಚಮಚ, ಜೀರಿಗೆ ಒಂದು ಚಮಚ, ಅಜವಾನ ಅರ್ಧ ಚಮಚ, ಹಸಿಮೆಣಸಿನಕಾಯಿ ನಾಲ್ಕು, ಉಪ್ಪು ಒಂದು ಚಮಚ, ಅರಿಷಿಣ ಚಿಟಿಕೆ.

ಸೊಪ್ಪುಗಳನ್ನು ಮೂರು ನೀರಿನಲ್ಲಿ ತೊಳೆದು, ನೀರು ಸಂಪೂರ್ಣವಾಗಿ ಬಸಿದ ಬಳಿಕ ಸಣ್ಣಗೆ ಹೆಚ್ಚಬೇಕು. ಒದ್ದೆಸೊಪ್ಪು ಹಾಕಿದರೆ ಹಿಟ್ಟು ಸಡಿಲಾಗಿ ಕೈಗೆ ಅಂಟುವದು. ಪರಾತದಲ್ಲಿ ಜೋಳದ ಹಿಟ್ಟನ್ನು ಮಾತ್ರ ಗುಡ್ಡೆ ಮಾಡಿ, ನಡುವೆ ಕುಳಿ ತೆಗೆದು, ೧೫೦ ಮಿಲಿಲೀಟರ್ ಕುದಿಯುವ ನೀರನ್ನು ಹೊಯ್ದು ಕಡ್ಡಿಯಿಂದ ಕಲಸಿ ಐದು ನಿಮಿಷ ಮುಚ್ಚಿಡಬೇಕು. ಕಾವು ಆರಿದ ಮೇಲೆ ಉಳಿದ ಹಿಟ್ಟುಗಳು, ಸೊಪ್ಪು, ಸಂಬಾರ, ಚಕ್ಕಾ ಎಲ್ಲವನ್ನೂ ಸೇರಿಸಿ ನಾದಬೇಕು. ಇನ್ನೂ ತೇವ ಬೇಕಾದರೆ ಮೊಸರಿನ ನೀರನ್ನು ಚಮಚದಿಂದ ಹಾಕಬೇಕೇ ಹೊರತು ಒಮ್ಮೆಲೇ ಸುರಿಯಬಾರದು.

ಒದ್ದೆ ಮಾಡಿ ಹಿಂಡಿದ ಬಟ್ಟೆಯ ಮೇಲೆ ಒಂದೊಂದು ಉಂಡೆಯನ್ನೂ ಬೆರಳಿನಿಂದ ತಟ್ಟಿ, ನಡುವೆ ನಾಲ್ಕೈದು ತೂತು ಮಾಡಬೇಕು. ಕಾದ ಹಂಚಿನ ಮೇಲೆ ಬಟ್ಟೆಯ ಸಮೇತ ಮಗುಚಿ ಹಾಕಿ ಬಟ್ಟೆಯನ್ನು ಮೆಲ್ಲನೆ ಬಿಡಿಸಬೇಕು. ತೂತುಗಳಿಗೂ ಅಂಚಿಗೂ ಎಣ್ಣೆಯ ಹನಿಯನ್ನು ಬಿಟ್ಟು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಮೂರು-ನಾಲ್ಕು ನಿಮಿಷ ಬೇಯಿಸಿ, ತಿರುವಿ ಹಾಕಿ ಮತ್ತೆ ಮೂರು ನಿಮಿಷ ಬಿಡಬೇಕು. ಹೊರಗೆ ಗರಿಯಾಗಿಯೂ ಒಳಗೆ ಮೆತ್ತಗೂ ಇರುವದು ಹದ. ಉರಿ ಜೋರಾದರೆ ಎಳ್ಳು ಕರಿದು ಕಹಿಯಾಗುವದು, ಒಳಗಿನ ಹಿಟ್ಟು ಹಸಿಯಾಗಿಯೇ ಉಳಿಯುವದು. ಬಿಸಿ ಇರುವಾಗಲೇ ಮೇಲೆ ಒಂದು ಚಮಚ ಉಪ್ಪಿನ ಚಕ್ಕಾ ಸವರಿ ಕೊಟ್ಟರೆ, ಚೀಸು ಬೇಡುವ ಮಕ್ಕಳು ಎರಡನೆಯದನ್ನು ತಾವಾಗಿಯೇ ಕೇಳುವರು.

ಉಬ್ಬಿದ ಬ್ರೆಡ್ಡಿನ ಕ್ರಮ

ಉಬ್ಬಿದ ಬ್ರೆಡ್ಡೇ ಬೇಕೆನ್ನುವವರಿಗೆ ಎರಡನೆಯ ಕ್ರಮವನ್ನು ಹೇಳುವೆನು. ಕರ್ನಾಟಕದಲ್ಲಿ ಇದಕ್ಕೂ ಒಂದು ಇತಿಹಾಸವಿದೆ. ೧೮೯೮ರಲ್ಲಿ ಹಾಸನ ಸೀಮೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಎಂಬವರು ಬೆಂಗಳೂರಿನಲ್ಲಿ ಬೇಕರಿಯನ್ನು ತೆರೆದರು. ಆ ಮಾರ್ಗವನ್ನು ಹಿಡಿದ ಅಯ್ಯಂಗಾರ್ ಬೇಕರಿಗಳು ಮೊಟ್ಟೆಯಿಲ್ಲದ ಬ್ರೆಡ್ಡು, ಬನ್ನುಗಳಿಂದ ನಾಡಿನಲ್ಲೆಲ್ಲ ಹೆಸರಾದವು. ಸಬ್ಬಸಿಗೆ, ಹಸಿಮೆಣಸಿನಕಾಯಿ, ಈರುಳ್ಳಿ ಬೆರೆಸಿದ ಅವರ ಖಾರದ ಬನ್ನು, ವಿಲಾಯತಿಯ ವಿದ್ಯೆಯನ್ನು ಕನ್ನಡಿಗರು ತಮ್ಮ ನಾಲಗೆಗೆ ಒಗ್ಗಿಸಿಕೊಂಡದ್ದಕ್ಕೆ ಉತ್ತಮವಾದ ಉದಾಹರಣೆ.

ಗೋಧಿಯ ಹಿಟ್ಟು ೨೫೦ ಗ್ರಾಂ, ಮೈದಾ ೨೫೦ ಗ್ರಾಂ, ಒಣ ಯೀಸ್ಟ್ ೫ ಗ್ರಾಂ, ಸಕ್ಕರೆ ಒಂದು ಚಮಚ, ಉಪ್ಪು ೮ ಗ್ರಾಂ, ಚಕ್ಕಾ ೧೫೦ ಗ್ರಾಂ, ಎಣ್ಣೆ ಎರಡು ಚಮಚ, ಸಬ್ಬಸಿಗೆ-ಕೊತ್ತಂಬರಿ ಕೂಡಿ ೫೦ ಗ್ರಾಂ, ಜೀರಿಗೆ ಒಂದು ಚಮಚ, ಬೆಚ್ಚನೆಯ ನೀರು ಸುಮಾರು ೨೫೦ ಮಿಲಿಲೀಟರ್. ಯೀಸ್ಟು ಜೀವವುಳ್ಳ ಪದಾರ್ಥ. ನೀರು ಬೆರಳಿಗೆ ಹಿತವೆನಿಸುವಷ್ಟು ಮಾತ್ರ ಬೆಚ್ಚಗಿರಬೇಕು. ಜೋಳಕ್ಕೆ ಹಾಕುವ ಎಸರನ್ನು ಇದಕ್ಕೆ ಹಾಕಿದರೆ ಅದು ಸತ್ತುಹೋಗುವದು, ಹಿಟ್ಟು ಕಲ್ಲಿನಂತೆ ಉಳಿಯುವದು. ಸಕ್ಕರೆ ಬೆರೆಸಿದ ನೀರಿನಲ್ಲಿ ಯೀಸ್ಟನ್ನು ಹತ್ತು ನಿಮಿಷ ಬಿಟ್ಟು, ನೊರೆಯೆದ್ದುದನ್ನು ನೋಡಿ ಹಿಟ್ಟಿಗೆ ಸೇರಿಸಬೇಕು. ನೊರೆ ಏಳದಿದ್ದರೆ ಯೀಸ್ಟು ಹಳೆಯದೆಂದು ತಿಳಿದು ಬೇರೆಯದನ್ನು ತರಬೇಕು. ಹತ್ತು-ಹನ್ನೆರಡು ನಿಮಿಷ ಚೆನ್ನಾಗಿ ನಾದಿದ ಬಳಿಕ ಸೊಪ್ಪನ್ನೂ ಜೀರಿಗೆಯನ್ನೂ ಕೂಡಿಸಿ, ಒದ್ದೆಬಟ್ಟೆ ಮುಚ್ಚಿ ಇಮ್ಮಡಿಯಾಗುವವರೆಗೆ ಇಡಬೇಕು. ನಮ್ಮ ಸೀಮೆಯ ಬೇಸಿಗೆಯಲ್ಲಿ ಒಂದು ತಾಸು ಸಾಕು. ಚಳಿಗಾಲದಲ್ಲಿ ಎರಡು ತಾಸೂ ಹಿಡಿಯಬಹುದು. ಆಮೇಲೆ ಮೆಲ್ಲನೆ ಒತ್ತಿ, ದುಂಡಗೆ ಮಾಡಿ, ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಮತ್ತೆ ಅರ್ಧ ತಾಸು ಬಿಡಬೇಕು.

ಓವನ್ ಇದ್ದವರು ೨೦೦ ಡಿಗ್ರಿಯ ಕಾವಿನಲ್ಲಿ ೩೫ ನಿಮಿಷ ಬೇಯಿಸಬೇಕು. ಇಲ್ಲದವರು ಮಂಗರಸನ ಮುಚ್ಚಳರೊಟ್ಟಿಯ ದಾರಿಯನ್ನು ಹಿಡಿಯಬಹುದು. ದಪ್ಪ ತಳದ ಕಬ್ಬಿಣದ ಪಾತ್ರೆಗೆ ಭಾರವಾದ ಕಬ್ಬಿಣದ ಮುಚ್ಚಳ ಹಾಕಿ, ಕೆಳಗೆ ಸ್ವಲ್ಪ ಕೆಂಡ, ಮೇಲೆ ಅದರ ಎರಡು ಪಟ್ಟು ಕೆಂಡವನ್ನು ಹರಡಿ, ಸುಮಾರು ಮುಕ್ಕಾಲು ತಾಸು ಬೇಯಿಸಬೇಕು. ತಳಕ್ಕೆ ಹೆಚ್ಚು ಕೆಂಡವಾದರೆ ಅಡಿ ಹೊತ್ತುವದು ನಿಶ್ಚಯ. ಈ ಕೆಲಸವನ್ನು ಅಂಗಳದಲ್ಲಿಯೇ ಮಾಡಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ವಿಷವಾಯುವು ಪ್ರಾಣಕ್ಕೆ ಅಪಾಯಕರ. ಗ್ಯಾಸಿನ ಒಲೆಯ ಮೇಲೆ ಮಾಡುವವರು ದಪ್ಪ ಪಾತ್ರೆಯ ತಳದಲ್ಲಿ ಉಪ್ಪನ್ನು ಹರಡಿ, ಅದರ ಮೇಲೊಂದು ಉಂಗುರವನ್ನಿಟ್ಟು, ಹತ್ತು ನಿಮಿಷ ಕಾಯಿಸಿ, ಬ್ರೆಡ್ಡಿನ ಪಾತ್ರೆಯನ್ನು ಒಳಗಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಕುಕ್ಕರನ್ನು ಇದಕ್ಕೆ ಬಳಸುವದಾದರೆ ಅದರ ರಬ್ಬರನ್ನೂ ಸೀಟಿಯನ್ನೂ ತೆಗೆದಿಡುವದನ್ನು ಮರೆಯಬಾರದು. ಬೆಂದ ಬ್ರೆಡ್ಡಿನ ತಳವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುವದು. ಬಿಸಿಯಿರುವಾಗ ಕೊಯ್ದರೆ ಒಳಗೆಲ್ಲ ಮುದ್ದೆಯಾಗುವದರಿಂದ, ಅರ್ಧ ತಾಸು ಆರಿಸಿಯೇ ಕೊಯ್ಯಬೇಕು.

ಐರ್ಲಂಡಿನ ಬಡ ರೈತರು ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ರೀತಿಯಾಗಿ ಕಬ್ಬಿಣದ ಪಾತ್ರೆಯ ಮುಚ್ಚಳದ ಮೇಲೆ ಕೆಂಡವಿಟ್ಟು ಬ್ರೆಡ್ಡನ್ನು ಬೇಯಿಸುತ್ತಿದ್ದರು. ಯೀಸ್ಟಿನ ಬದಲು ಅಡಿಗೆಸೋಡಾ ಮತ್ತು ಹುಳಿಮಜ್ಜಿಗೆಯನ್ನು ಅವರು ಬಳಸಿದರು; ಹುಳಿ ಮತ್ತು ಸೋಡಾ ಕೂಡಿದಾಗ ಹುಟ್ಟುವ ವಾಯುವಿನಿಂದ ಹಿಟ್ಟು ಉಬ್ಬುವದು. ಯೀಸ್ಟು ಸಿಗದ ಹಳ್ಳಿಯವರು ೫೦೦ ಗ್ರಾಂ ಹಿಟ್ಟಿಗೆ ಒಂದು ಸಣ್ಣ ಚಮಚ ಸೋಡಾ, ಸುಮಾರು ೪೦೦ ಮಿಲಿಲೀಟರ್ ಹುಳಿಮಜ್ಜಿಗೆ ಹಾಕಿ, ಹೆಚ್ಚು ನಾದದೆ ಕೂಡಲೆ ಬೇಯಿಸಬಹುದು. ಮಜ್ಜಿಗೆಯು ನಮ್ಮ ಯಾವ ಮನೆಯಲ್ಲಿ ಇಲ್ಲ? ಈ ಎರಡೂ ಕ್ರಮಗಳಲ್ಲಿ ನಾಲ್ಕರಲ್ಲೊಂದು ಪಾಲಿನಷ್ಟು ಜೋಳದ ಹಿಟ್ಟನ್ನು ಬೆರೆಸಬಹುದು. ಅದಕ್ಕಿಂತ ಹೆಚ್ಚಾದರೆ ಬ್ರೆಡ್ಡು ಉಬ್ಬದು.

ಈ ವಿಷಯಕ್ಕೆ ಇಷ್ಟು ಮಾತೇಕೆ?

ಒಂದು ತಿಂಡಿಗಾಗಿ ಇಷ್ಟು ಉದ್ದವಾಗಿ ಬರೆಯಬೇಕೇ ಎಂದು ವಾಚಕರು ಕೇಳಬಹುದು. ಇದರ ಹಿಂದೆ ನಮ್ಮ ಹೊಲಕ್ಕೂ ಮನೆಗೂ ಸಂಬಂಧಪಟ್ಟ ದೊಡ್ಡ ಪ್ರಶ್ನೆಯಿದೆ. ಕೃಷ್ಣಾನದಿಗೆ ನಾರಾಯಣಪುರದಲ್ಲಿ ಕಟ್ಟಿದ ಅಣೆಕಟ್ಟು ೧೯೮೨ರಲ್ಲಿ ಮುಗಿಯಿತು. ಅದರ ಎಡದಂಡೆಯ ಕಾಲುವೆಗಳು ಸುರಪುರ, ಶಹಾಪುರಗಳ ಬಯಲಿಗೆ ನೀರು ತಂದವು. ಮಳೆಗಾಗಿ ಆಕಾಶ ನೋಡುತ್ತಿದ್ದ ರೈತನಿಗೆ ಅದು ಭಾಗ್ಯವೇ. ಆದರೆ ನೀರು ಹರಿದಲ್ಲೆಲ್ಲ ಬತ್ತವೂ ಹತ್ತಿಯೂ ಬಂದು ಜೋಳವು ಹಿಂದೆ ಸರಿಯಿತು. ೨೦೦೨ರಲ್ಲಿ ಕರ್ನಾಟಕದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಮೊದಲು ಆರಂಭವಾದ ಶಾಲೆಯ ಬಿಸಿಯೂಟದಿಂದ ಮಕ್ಕಳಿಗೆ ನಿತ್ಯವೂ ಮಧ್ಯಾಹ್ನ ಅನ್ನ ದೊರೆಯಿತು. ಹಸಿದ ಹೊಟ್ಟೆಯಲ್ಲಿ ಪಾಠ ಕೇಳುವ ಮಕ್ಕಳ ಮುಖವನ್ನು ಕಂಡ ಯಾವ ಶಿಕ್ಷಕನೂ ಆ ಯೋಜನೆಯನ್ನು ಹಳಿಯಲಾರನು. ೨೦೧೩ರಿಂದ ಅನ್ನಭಾಗ್ಯದ ಅಕ್ಕಿಯು ಬಡವರ ಮನೆಯನ್ನು ಮುಟ್ಟಿತು. ಇವುಗಳಲ್ಲಿ ಒಂದೊಂದೂ ಒಳ್ಳೆಯದೇ. ಆದರೆ ಮೂರೂ ಕೂಡಿ, ಜೋಳದ ನಾಡಿನಲ್ಲಿ ಹುಟ್ಟಿದ ಮಗುವು ಜೋಳವನ್ನು ಹಬ್ಬಕ್ಕೊಮ್ಮೆ ಕಾಣುವ ಹಾಗಾಯಿತು. ಹೊಲದಲ್ಲಿ ಜೋಳ ಕಡಿಮೆಯಾದರೆ ಎತ್ತಿಗೆ ಕಣಿಕೆಯೂ ಕಡಿಮೆ. ಎತ್ತು ಎಮ್ಮೆಗಳು ಕಡಿಮೆಯಾದರೆ ಮೊಸರಿನ ಗಡಿಗೆಯೂ ಬರಿದು. ರೊಟ್ಟಿ ಮತ್ತು ಚಕ್ಕಾ ಒಂದೇ ಬೇರಿನ ಎರಡು ಕೊಂಬೆಗಳು.

ರೊಟ್ಟಿಯ ಪರವಾಗಿ ಮಾತಾಡುವ ಗಂಡಸರು ಒಂದು ಸಂಗತಿಯನ್ನು ಮರೆಯಬಾರದು. ದಿನಕ್ಕೆ ಎರಡು ಸಾರೆ ಇಪ್ಪತ್ತು-ಮೂವತ್ತು ರೊಟ್ಟಿ ಬಡಿಯುವದು, ಅದೂ ಹೊಗೆಯ ಒಲೆಯ ಮುಂದೆ ಕುಳಿತು, ಸಣ್ಣ ಶ್ರಮವಲ್ಲ. ಹೊಲದ ಕೂಲಿಗೂ ಹೋಗಿ ಬರುವ ಹೆಣ್ಣುಮಗಳು ಕುಕ್ಕರಿನಲ್ಲಿ ಅನ್ನವನ್ನಿಟ್ಟು ಕೈತೊಳೆದುಕೊಂಡರೆ ಅವಳನ್ನು ಆಕ್ಷೇಪಿಸುವ ಅಧಿಕಾರ ಯಾರಿಗೂ ಇಲ್ಲ. ರೊಟ್ಟಿಯು ಉಳಿಯಬೇಕೆನ್ನುವವರು ಅದರ ಶ್ರಮವನ್ನು ಹಂಚಿಕೊಳ್ಳಬೇಕು. ಸೊಪ್ಪು ಬಿಡಿಸುವದು, ಹಿಟ್ಟು ಬೀಸಿಸಿ ತರುವದು, ನಾದುವದು ಇವಕ್ಕೆ ಗಂಡುಹೆಣ್ಣೆಂಬ ಭೇದವಿಲ್ಲ. ಮೇಲೆ ಹೇಳಿದ ಮುಚ್ಚಿದ ಪಾತ್ರೆಯ ಬ್ರೆಡ್ಡಿನ ವಿಶೇಷವೂ ಇದೇ: ನಾದಿಟ್ಟು ಬೇರೆ ಕೆಲಸಕ್ಕೆ ಹೋಗಬಹುದು, ಒಮ್ಮೆ ಬೇಯಿಸಿದರೆ ಮನೆಮಂದಿಗೆಲ್ಲ ಒಂದು ಹೊತ್ತಿಗೆ ಆಗುವದು.

ಶ್ರಮಕ್ಕೆ ಬೆಲೆ ಬಂದಾಗ ವಿದ್ಯೆಯು ಉಳಿಯುವದೆಂಬುದಕ್ಕೆ ನೆರೆಯ ಜಿಲ್ಲೆಯೇ ದೃಷ್ಟಾಂತ. ೨೦೨೩ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿತು. ಅದರ ತರುವಾಯ ಕಲಬುರಗಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಮಾಡಿದ ಜೋಳದ ರೊಟ್ಟಿಯು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಿಂದ ದೂರದ ಪೇಟೆಗಳನ್ನು ಮುಟ್ಟತೊಡಗಿತು. ಮನೆಯಲ್ಲಿ ಕೂಲಿಯಿಲ್ಲದ ಕೆಲಸವಾಗಿದ್ದುದೇ ಈಗ ಅವರಿಗೆ ಆದಾಯದ ಮಾರ್ಗವಾಗಿದೆ. ವನದುರ್ಗದಂಥ ಊರುಗಳ ಹೆಣ್ಣುಮಕ್ಕಳು ಸೊಪ್ಪಿನ ದಪಾಟಿಯನ್ನು, ಚಕ್ಕಾ ಬೆರೆಸಿದ ಬ್ರೆಡ್ಡನ್ನು ಇದೇ ರೀತಿಯಾಗಿ ಏಕೆ ಮಾಡಿ ಮಾರಬಾರದು? ದಪಾಟಿಯು ಒಂದು ದಿನ ಕೆಡದೆ ಉಳಿಯುವದು. ಶಹಾಪುರ, ಸುರಪುರಗಳ ಪೇಟೆಗೆ ಕಳಿಸಲು ಅಷ್ಟು ಸಾಕು. ಚಕ್ಕಾ ಸವರಿದುದನ್ನು ಮಾತ್ರ ಅದೇ ಹೊತ್ತಿಗೆ ತಿಂದು ಮುಗಿಸಬೇಕು.

ಕೊನೆಗೆ ಎರಡು ಎಚ್ಚರಿಕೆಯ ಮಾತುಗಳು. ಚಕ್ಕಾದಲ್ಲಿಯೂ ಹಿಟ್ಟಿನಲ್ಲಿಯೂ ಉಪ್ಪು ಇರುವದರಿಂದ, ರಕ್ತದ ಒತ್ತಡವುಳ್ಳವರ ಪಾಲಿಗೆ ಎರಡರಲ್ಲೊಂದನ್ನು ಸಪ್ಪಗೆ ಮಾಡಬೇಕು. ಮೈದಾವನ್ನು ಪೂರ್ತಿಯಾಗಿ ಬಿಟ್ಟು ಗೋಧಿಯ ಹಿಟ್ಟಿನಿಂದಲೇ ಮಾಡುವವರು ನೀರನ್ನು ಸ್ವಲ್ಪ ಹೆಚ್ಚಿಸಬೇಕು. ಬ್ರೆಡ್ಡು ತುಸು ಗಟ್ಟಿಯಾಗುವದು, ಆದರೆ ಹೊಟ್ಟೆಗೆ ಹಿತ. ಉಳಿದ ಹದವನ್ನು ಮೂರು-ನಾಲ್ಕು ಸಾರೆ ಮಾಡಿದಾಗ ಕೈಯೇ ಕಲಿಯುವದು.

ಮಕ್ಕಳು ಬೇಡಿದ ತಿಂಡಿಯನ್ನು ಮನೆಯ ಹಿಟ್ಟಿನಿಂದ, ಮನೆಯ ಮೊಸರಿನಿಂದ, ಹಿತ್ತಲಿನ ಸೊಪ್ಪಿನಿಂದ ಮಾಡಿಕೊಡುವ ತಾಯಿಯು ಅವರ ನಾಲಗೆಗೂ ಊರಿನ ಹೊಲಕ್ಕೂ ನಡುವೆ ಸೇತುವೆಯನ್ನು ಕಟ್ಟಿದಂತಾಗುವದು. ಮಗುವು ಮೊದಲು ಚೀಸಿನ ಆಸೆಯಿಂದ ದಪಾಟಿಯನ್ನು ತಿನ್ನಲಿ. ಬರಬರುತ್ತ ಜೋಳದ ರುಚಿಯು ತಾನಾಗಿಯೇ ಅದರ ಬಾಯಿಗೆ ಹತ್ತುವದು. ಬರುವ ಹಿಂಗಾರಿಗೆ ಹೊಲದ ಒಂದು ಮೂಲೆಯಲ್ಲಾದರೂ ಮನೆಯ ಮಟ್ಟಿಗೆ ಜೋಳವನ್ನು ಬಿತ್ತುವ ಗೃಹಸ್ಥನು, ತನ್ನ ಮನೆಯವರ ಈ ಪ್ರಯತ್ನಕ್ಕೆ ಮಾಡಬಹುದಾದ ಸಹಾಯವನ್ನೆಲ್ಲ ಮಾಡಿದಂತಾಯಿತು.